ಆ ಹುಡುಗಿಯ ತಾಯಿಗೆ ಒಂದು ಖಣ

ವೆಸ್ಟ್ ವಿಂಡ್ಸರ್
ಫೆಬ್ರುವರಿ 8, 2025

ಬಸಲಿಂಗಮ್ಮಕ್ಕನಿಗೆ ಶರಣು,

ಸಂಕ್ರಾಂತಿಗೆ ಕನ್ನಡ ಕೂಟದಲ್ಲಿ ಎಳ್ಳು-ಬೆಲ್ಲ ಹಂಚುವಾಗ ನಿಮ್ಮ ಕುರ್ಚಿ ಖಾಲಿ ಇತ್ತು. ನಿಮ್ಮ ಅಕ್ಷತಾಗೆ ಗಂಡುಮಗುವಾಯಿತೆಂದು ಯಾರೋ ಹೇಳಿದರು. ನಿಮ್ಮಿಂದ ಪೇಡೆ ಬರಲಿಲ್ಲ, ತೊಟ್ಟಿಲಿಗೆ ಕರೆ ಬರಲಿಲ್ಲ. ಮೊಮ್ಮಗ ಬಂದ ಮೇಲೆ ನಾವೆಲ್ಲ ಯಾವ ಲೆಕ್ಕ ಎಂದುಕೊಂಡೆ. ನಿಮ್ಮ ಕಿವಿಗೂ ಫೋನಿಗೂ ಆಗಿಬರುವುದಿಲ್ಲ, ವಾಟ್ಸಾಪ್ ಕಂಡರೆ ನಿಮಗೆ ಸಿಟ್ಟು. ಹಾಗಾಗಿ ಕಾರಿನಲ್ಲಿ ಅರ್ಧ ಗಂಟೆಯೂ ಆಗದ ಮನ್ರೋಗೆ ಅಂಚೆಚೀಟಿ ಅಂಟಿಸಿ ಬರೆಯುತ್ತಿದ್ದೇನೆ. ಭಾನುವಾರದ ಕನ್ನಡ ಶಾಲೆಯಲ್ಲಿ ನನ್ನ ಮಗಳು ಲಾಸ್ಯಾಳಿಂದ ವಾರಕ್ಕೊಂದು ಪತ್ರ ಬರೆಸುತ್ತಿದ್ದಿರಿ. ಅವಳು ಬಿಟ್ಟಳು, ಆ ಚಟ ನನಗೆ ಹತ್ತಿತು.

ಲಾಸ್ಯಾಳ ಮದುವೆ ಮೇ ಕೊನೆಗೆ. ಹುಡುಗ ಅನಿರುದ್ಧ್, ಇಬ್ಬರಿಗೂ ಜರ್ಸಿ ಸಿಟಿಯಲ್ಲೇ ಕೆಲಸ. ಅವನ ತಂದೆ-ತಾಯಿ ಹುಬ್ಬಳ್ಳಿಯಿಂದ ಬರುತ್ತಾರೆ. ಹಳೇ ಕಾಲದವರು, ಎಲ್ಲ ಶಾಸ್ತ್ರವೂ ಆಗಬೇಕಂತೆ. ಲ್ಯಾಬಿನಲ್ಲಿ ನನ್ನದು ಎಂದಿನ ಕೆಲಸವೇ. ಹುಟ್ಟುವಾಗಲೇ ರೋಗ ತಡೆಯುವ ಶಕ್ತಿ ಇಲ್ಲದ ಕೂಸುಗಳು, ಅವಕ್ಕೆ ಮಾಡುವ ಸ್ಟೆಮ್ ಸೆಲ್ ಕಸಿ, ಕಸಿಯಾದ ಮೇಲೆ ಅವುಗಳ ರಕ್ತದಲ್ಲಿ ಹೊಸ ಪಡೆ ಕಟ್ಟಿಕೊಳ್ಳುವ ಬಗೆ. ಹಗಲೆಲ್ಲ ಅದೇ.

ಒಂದು ಸುದ್ದಿ ಹೇಳುತ್ತೇನೆ, ಬೈಯಬೇಡಿ. ದೀಪಾವಳಿ ಕಾರ್ಯಕ್ರಮದಲ್ಲಿ ನೀವೂ ನಾನೂ ಹೋಳಿಗೆ ಸಾಲಿನಲ್ಲಿ ನಿಂತವರನ್ನೆಲ್ಲ ಎಳೆದು ತಂದು, ಕೆನ್ನೆಯೊಳಗೆ ಹತ್ತಿ ಕಡ್ಡಿ ಆಡಿಸಿ, ಎಲುಬಿನ ಮಜ್ಜೆಯ ದಾನಿಗಳ ಪಟ್ಟಿಗೆ ಸೇರಿಸಿದೆವಲ್ಲ. ಮೊದಲು ಕೂತವಳು ನಮ್ಮ ಲಾಸ್ಯಾ. ಹೋದ ವಾರ ಅವಳಿಗೇ ಕರೆ ಬಂದಿದೆ. ಯಾರದೋ ಎಳೆ ಗಂಡುಕೂಸು, ನಾನು ಅಭ್ಯಾಸ ಮಾಡುವಂಥದ್ದೇ ರೋಗ. ಅವಳದು ಪೂರ್ತಿ ಹೊಂದುತ್ತದಂತೆ.

"ಅಮ್ಮಾ, ನೀನು ಡಾಕ್ಟರಾಗಿ ಹೇಳು. ಇಸ್ ಇಟ್ ಸೇಫ್?" ಎಂದಳು. ಸೊಂಟದ ಎಲುಬಿಗೆ ಸೂಜಿ ಹಾಕುತ್ತಾರೆ, ಅರಿವಳಿಕೆ ಕೊಡುತ್ತಾರೆ, ರಿಸ್ಕ್ ಇಲ್ಲದ್ದು ಯಾವುದಿದೆ, ಮದುವೆ ಮುಗಿಯಲಿ, ಅಷ್ಟರಲ್ಲಿ ಬೇರೆ ಯಾರಾದರೂ ಸಿಕ್ಕೇ ಸಿಗುತ್ತಾರೆ ಎಂದೆ. ಜೂನ್ ನಂತರ ನೋಡೋಣ ಎಂದು ಅವರಿಗೆ ಹೇಳಿದ್ದಾಳೆ. ಹುಡುಗಿಯ ಸೊಂಟಕ್ಕೆ ಆಪರೇಷನ್ ಆಗಿದೆ ಅಂತ ಹುಬ್ಬಳ್ಳಿಯವರ ಕಿವಿಗೆ ಬಿದ್ದರೆ ಏನು ಗತಿ, ನೀವೇ ಹೇಳಿ.

ಪೇಡೆ ಕಳಿಸಿ.

ನಿಮ್ಮ
ರೇಣು


ಮನ್ರೋ
ಫೆಬ್ರುವರಿ 21, 2025

ರೇಣು,

ನಿನ್ನ ಪತ್ರ ಬಂತು. ಗ್ಯಾರೇಜಿನಲ್ಲೇ ಒಡೆದು, ನಿಂತುಕೊಂಡೇ ಓದಿದೆ. ಆಮೇಲೆ ಕೈ ತೊಳೆದೆ. ಮತ್ತೆ ಹೋಗಿ ಇನ್ನೊಮ್ಮೆ ಓದಿದೆ. ಹೊರಗಿನದ್ದು ಯಾವುದೂ ಈಗ ನಮ್ಮ ಮನೆಯೊಳಗೆ ಬರುವಂತಿಲ್ಲ. ಯಾಕೆಂದು ಹೇಳುತ್ತೇನೆ. ಮೊದಲೇ ಹೇಳಬೇಕಿತ್ತು.

ನಮ್ಮ ಕೂಸಿಗೆ ನಿನ್ನ ಲ್ಯಾಬಿನ ಕಾಯಿಲೆ. ಹುಟ್ಟಿದಾಗ ಹಿಮ್ಮಡಿಯಿಂದ ತೆಗೆದ ರಕ್ತದ ಚುಕ್ಕೆಯಲ್ಲಿ ಗೊತ್ತಾಯಿತು. ಕಸಿಯಾಗುವ ತನಕ ಯಾರೂ ಬರುವಂತಿಲ್ಲ, ಒಂದು ನೆಗಡಿ ಬಂದರೂ ಕೂಸು ತಡೆಯುವುದಿಲ್ಲ. ಅಕ್ಷತಾಳ ರಕ್ತದಲ್ಲಿ ಹಳೆಯದೊಂದು ವೈರಸ್ಸಿದೆ, ಹಾಲಿನಲ್ಲಿ ಕೂಸಿಗೆ ಹೋಗಬಹುದು ಎಂದು ಎದೆಹಾಲು ಬಿಡಿಸಿದರು. ಹಾಲು ಹಿಂಡಿ ಸಿಂಕಿಗೆ ಸುರಿಯುವಾಗ ಅವಳು ಮುಖ ಆಚೆ ತಿರುಗಿಸುತ್ತಾಳೆ. ಎಣ್ಣೆ ನೀರು ಹಾಕಿ ಲೋಬಾನದ ಹೊಗೆ ಕೊಡೋಣ ಎಂದರೆ ಅದೂ ಬೇಡವಂತೆ. ಐದು ಮಂದಿ ಮುತ್ತೈದೆಯರನ್ನು ಕರೆದು ತೊಟ್ಟಿಲಿಗೆ ಹಾಕುವುದೆಲ್ಲಿಂದ ಬಂತು? ಆಸ್ಪತ್ರೆಯ ಕಾಗದದಲ್ಲಿ ಕೂಸಿನ ಹೆಸರು ಸಿದ್ ಎಂದಿದೆ. ತೊಟ್ಟಿಲಿನ ಹೆಸರು ಇನ್ನೂ ಕಿವಿಯಲ್ಲಿ ಕೂಗಿಲ್ಲ.

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ, ನೀನಿದ್ದೂ ನಿನಗೆ ಹೇಳಲಿಲ್ಲ. ನಾಚಿಕೆಯಾಯಿತು ರೇಣು. ನನ್ನ ತವರಿನಲ್ಲಿ ಇಬ್ಬರು ತಮ್ಮಂದಿರು ವರ್ಷ ತುಂಬುವ ಮೊದಲೇ ಹೋದರು. ದೃಷ್ಟಿಯಾಯಿತು ಎಂದರು, ನಾನೂ ಹಾಗೇ ನಂಬಿದ್ದೆ. ಈಗ ಇಲ್ಲಿಯ ಡಾಕ್ಟರು ನನ್ನದೂ ಅಕ್ಷತಾಳದೂ ರಕ್ತ ನೋಡಿ, ಇದು ತಾಯಿಯಿಂದ ಮಗಳಿಗೆ, ಮಗಳಿಂದ ಗಂಡುಕೂಸಿಗೆ ಇಳಿಯುವ ಕಾಯಿಲೆ ಎಂದರು. ಅಂದರೆ ನಾನು ಕೊಟ್ಟದ್ದು. ಅಳಿಯ ಮಂಜೇಶ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಜನರ ಮುಂದೆ, ಅದರಲ್ಲೂ ನಿನ್ನ ಮುಂದೆ, ನಮ್ಮ ವಂಶದ ಕೊಳೆ ತೆಗೆದಿಡಲು ಮನಸ್ಸು ಬರಲಿಲ್ಲ.

ದಾನಿಯನ್ನು ಹುಡುಕಿದರು. ಇಡೀ ಜಗತ್ತಿನಲ್ಲಿ ಪೂರ್ತಿ ಹೊಂದುವವರು ಒಬ್ಬರೇ. ಹೆಸರು, ಊರು ಹೇಳುವುದಿಲ್ಲ, ವಯಸ್ಸು ಮಾತ್ರ ಹೇಳುತ್ತಾರೆ. ಇಪ್ಪತ್ನಾಲ್ಕರ ಹೆಣ್ಣುಮಗಳು. ಜೂನ್ ನಂತರ ನೋಡೋಣ ಎಂದಿದ್ದಾಳಂತೆ. ಅಲ್ಲಿಯವರೆಗೆ ಕೂಸನ್ನು ಹೀಗೇ ಗಾಜಿನ ಬರಣಿಯ ಹಾಗೆ ಕಾಯುವುದು ಕಷ್ಟ ಎಂದು ಡಾಕ್ಟರು ಹೇಳಿದರು.

ಅವಳಿಗೊಬ್ಬ ತಾಯಿ ಇರುತ್ತಾಳಲ್ಲ, ನೀನು ಆ ತಾಯಿಯ ಹತ್ತಿರ ಮಾತಾಡಬಹುದೇ? ಕೂಟದ ವೇದಿಕೆಯ ಮೇಲೆ ನೀನು ಆಡುವ ಮಾತಿಗೆ ಕಲ್ಲೂ ಕರಗುತ್ತದೆ. "ಯಾರದೋ ಕೂಸು ಎನ್ನಬೇಡಿ, ನಮ್ಮದೇ ಕೂಸು ಎನ್ನಿ" ಎಂದು ಕೊನೆಗೆ ಹೇಳುತ್ತೀಯಲ್ಲ, ಅದನ್ನು ಕೇಳಿಯೇ ಅಂದು ನಾನು ಜನರ ಕೈ ಹಿಡಿದು ಎಳೆದದ್ದು.

ಮದುವೆಯ ಸೀರೆ ತೆಗೆದಿರಾ? ಲಾಸ್ಯಾಗೆ ಹಸಿರು ಒಪ್ಪುತ್ತದೆ.

ಬಸಲಿಂಗಮ್ಮ


ವೆಸ್ಟ್ ವಿಂಡ್ಸರ್
ಮಾರ್ಚ್ 4, 2025

ಬಸಲಿಂಗಮ್ಮಕ್ಕನವರಿಗೆ,

ಕೂಸಿನ ವಿಷಯ ತಿಳಿದು ಬಹಳ ಬೇಸರವಾಯಿತು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಒಂದು ಜೀನಿನ ಬದಲಾವಣೆ ಅಷ್ಟೇ, ವಂಶದ ಕೊಳೆ ಎಂಬ ಮಾತು ಬೇಡ.

ದಾನಿಯ ಬಗ್ಗೆ ಬರೆದಿದ್ದೀರಿ. ದಾನಿ ಯಾರೆಂದು ರೋಗಿಯ ಕಡೆಯವರು ಹುಡುಕುವಂತಿಲ್ಲ, ದಾನಿಯ ಮೇಲೆ ಯಾರೂ ಒತ್ತಡ ತರುವಂತಿಲ್ಲ. ನಿಯಮ ಕಟ್ಟುನಿಟ್ಟಾಗಿದೆ. ಈ ಕ್ಷೇತ್ರದಲ್ಲಿ ಕೆಲಸ ಮಾಡುವ ನಾನಂತೂ ಅದನ್ನು ಮೀರುವುದು ಸಾಧ್ಯವಿಲ್ಲ.

ಪೂರ್ತಿ ಹೊಂದುವ ದಾನಿ ಸಿಗದಿದ್ದರೆ ತಾಯಿಯ ಅಥವಾ ತಂದೆಯ ಅರ್ಧ ಹೊಂದುವ ಮಜ್ಜೆಯಿಂದಲೂ ಕಸಿ ಮಾಡುತ್ತಾರೆ. ಇತ್ತೀಚೆಗೆ ಅದರ ಫಲಿತಾಂಶಗಳು ಸಮಾಧಾನಕರವಾಗಿವೆ. ಎರಡು ಲೇಖನಗಳನ್ನು ಅಕ್ಷತಾಗೆ ಇಮೇಲ್ ಮಾಡಿದ್ದೇನೆ. ಒಂದು ಪೆಟ್ಟಿಗೆ ಮಾಸ್ಕ್, ಗ್ಲೌಸ್ ಕಳಿಸಿದ್ದೇನೆ, ಬಾಗಿಲ ಹೊರಗೆ ಇಟ್ಟು ಹೋಗುತ್ತಾರೆ.

ಇತಿ,
ಡಾ. ರೇಣುಕಾ


ಮನ್ರೋ
ಮಾರ್ಚ್ 11, 2025

ರೇಣು,

ಮಾಸ್ಕಿನ ಪೆಟ್ಟಿಗೆ ಬಂತು. ನಿಯಮದ ಮಾತು ಸರಿ. ಇನ್ನು ಕೇಳುವುದಿಲ್ಲ.

ಅಕ್ಷತಾ ತನ್ನದನ್ನೇ ಕೊಡಲು ತಯಾರಾಗಿದ್ದಾಳೆ. ಅರ್ಧ ಹೊಂದಿದರೆ ಕೂಸಿನ ಮೈ ಅದರ ಜೊತೆ ಜಗಳಕ್ಕೆ ಬೀಳಬಹುದು, ಹೊಸ ರಕ್ತ ಕೂಸಿನ ಮೈಯ ಮೇಲೇ ತಿರುಗಿ ಬೀಳಲೂಬಹುದು, ಅದಕ್ಕೆ ಮದ್ದು ಹೆಚ್ಚು ಬೇಕಾಗುತ್ತದೆ ಎಂದರು ಡಾಕ್ಟರು. ಹಾಗಂತ ಕೈ ಕಟ್ಟಿ ಕೂರಲು ಆಗುವುದಿಲ್ಲವಲ್ಲ. ಏಪ್ರಿಲ್ ನಡುವಿಗೆ ದಿನ ಹಿಡಿದಿದ್ದಾರೆ.

ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಆ ದೀಪಾವಳಿಯ ದಿನ ಎಡಿಸನ್ ಊರಿನ ಹೆಣ್ಣುಮಗಳೊಬ್ಬಳು ಕಡ್ಡಿ ಆಡಿಸುವ ಮೊದಲೇ ತನ್ನ ಮಗನನ್ನು ಎಬ್ಬಿಸಿಕೊಂಡು ಹೋದಳು, ನೆನಪಿದೆಯೇ? ಎಲ್ಲರೆದುರು ನಾನು ಕೂಗಿದೆ: "ಏನ್ರೀ, ನಿಮ್ಮ ಮಗನ ಎಲುಬು ಬಂಗಾರದ್ದೇನ್ರೀ?" ನೀನು ಬಾಯಿ ಮುಚ್ಚಿಕೊಂಡು ನಕ್ಕೆ. ಅವಳ ಮುಖ ಕೆಂಪಗಾಯಿತು. ಈಗ ಅನಿಸುತ್ತದೆ, ಹೆತ್ತವಳಿಗೆ ಮಗುವಿನ ಎಲುಬು ಬಂಗಾರದ್ದೇ. ಅವಳು ಸಿಕ್ಕರೆ ಬಸಲಿಂಗಮ್ಮ ಆ ಮಾತು ಹಿಂದೆ ತೆಗೆದುಕೊಂಡಳು ಎಂದು ಹೇಳು.

ಇನ್ನೊಂದು. ನನಗೆ ಬರೆಯುವಾಗ ಡಾಕ್ಟರ್ ಎಂದು ಸಹಿ ಮಾಡಬೇಡ. ನನಗೆ ಡಾಕ್ಟರು ಬೇಕಾದಷ್ಟಿದ್ದಾರೆ.

ಬಸಲಿಂಗಮ್ಮ


ವೆಸ್ಟ್ ವಿಂಡ್ಸರ್
ಮಾರ್ಚ್ 23, 2025

ಅಕ್ಕಾ,

ಆ ತಾಯಿಯ ಹತ್ತಿರ ಮಾತಾಡು ಎಂದಿದ್ದಿರಿ. ಮಾತಾಡಿದೆ. ಅವಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಹೆಸರು ಬರೆಯುವುದಿಲ್ಲ, ನೀವೂ ಕೇಳುವುದಿಲ್ಲ ಎಂದು ಗೊತ್ತು.

ಓದಿದವಳು ಅಕ್ಕಾ, ನಿಮ್ಮಂಥವರು ಎದ್ದು ನಿಂತು ನಮಸ್ಕಾರ ಮಾಡುವಂಥವಳು. ಇಂಥ ಕೂಸುಗಳಿಗೆ ಮೊದಲ ಮೂರೂವರೆ ತಿಂಗಳಲ್ಲಿ, ಸೋಂಕು ತಗಲುವ ಮುಂಚೆ ಕಸಿಯಾದರೆ ಏನಾಗುತ್ತದೆ, ತಡವಾದರೆ ಏನಾಗುತ್ತದೆ ಎಂದು ಎರಡು ಗೆರೆ ಎಳೆದು ತೋರಿಸುತ್ತಾಳೆ. ಒಂದು ಮೇಲೆ ಹೋಗುತ್ತದೆ, ಒಂದು ಕೆಳಗೆ. ನಮ್ಮ ದೇಶದವರಿಗೆ ಹೊಂದುವ ದಾನಿ ಸಿಗುವುದು ಎಷ್ಟು ಅಪರೂಪ ಎಂಬುದೂ ಅವಳಿಗೆ ಬಾಯಿಪಾಠ. ಅಂಥವಳು ಮಗಳಿಗೆ, ಬೇರೆ ಯಾರಾದರೂ ಸಿಕ್ಕೇ ಸಿಗುತ್ತಾರೆ ಎಂದಳು. ಸುಳ್ಳು ಎಂದು ಗೊತ್ತಿದ್ದೇ ಹೇಳಿದಳು. ಬೀಗರು ಏನೆಂದಾರು ಎಂಬುದಷ್ಟೇ ಅವಳ ತಲೆಯಲ್ಲಿದ್ದದ್ದು. ಇದೇ ಮಾತನ್ನು ಹಳ್ಳಿಯ ಹೆಂಗಸೊಬ್ಬಳು ಆಡಿದ್ದರೆ ವೇದಿಕೆಯ ಮೇಲೆ ಹೇಳಿ ನಗಿಸುತ್ತಿದ್ದಳು.

ಹೋದ ಶನಿವಾರ ಮಗಳು ಟ್ರೈನಿನಲ್ಲಿ ಬಂದಳು. ಐಸ್ಲಿನ್‌ಗೆ ಹೋಗಿ ಬ್ಲೌಸಿನ ಅಳತೆ ಕೊಡುವುದಿತ್ತು. ಪ್ರಿನ್ಸ್‌ಟನ್ ಜಂಕ್ಷನ್ ಸ್ಟೇಷನ್ನಿನ ಪಾರ್ಕಿಂಗ್‌ನಲ್ಲಿ, ಕಾರು ಸ್ಟಾರ್ಟ್ ಮಾಡುವ ಮೊದಲೇ ತಾಯಿ ಬಾಯಿ ತೆರೆದಳು.

"ಆ ಕೂಸಿನ ವಿಷ್ಯ. ಜೂನ್‌ವರೆಗೂ ಕಾಯೋದು ಬೇಡ ಅನ್ಸತ್ತೆ. ಕೊಡೋದಾದ್ರೆ ಈಗ್ಲೇ ಕೊಟ್ಬಿಡು."

"ವಾಟ್ ಚೇಂಜ್ಡ್?" ಎಂದಳು ಮಗಳು.

"ಏನಿಲ್ಲ. ಯೋಚನೆ ಮಾಡ್ದೆ."

"ರಿಸ್ಕ್ ಇದೆ ಅಂದ್ಯಲ್ಲ? ಈಗ ಇಲ್ವಾ?"

ತಾಯಿ ಕನ್ನಡಿ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

"ಡು ವೀ ನೋ ದಿಸ್ ಬೇಬಿ, ಅಮ್ಮಾ?"

ತಾಯಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನಿಯಮವಿತ್ತಲ್ಲ. ಮಗಳು ಅವಳ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಸೋ ಲಾಸ್ಟ್ ಮಂತ್ ಇಟ್ ವಾಸ್ ಜಸ್ಟ್ ಸಮ್‌ಬಡೀಸ್ ಬೇಬಿ."

ಬ್ಯಾಗು ಹೆಗಲಿಗೆ ಹಾಕಿಕೊಂಡು ಇಳಿದು ಹೋದಳು. ಆಚೆ ಪ್ಲಾಟ್‌ಫಾರ್ಮಿನಲ್ಲಿ ನ್ಯೂಯಾರ್ಕ್ ಕಡೆಯ ಟ್ರೈನಿಗೆ ನಿಂತಿದ್ದು ತಾಯಿಗೆ ಕಾಣುತ್ತಿತ್ತು. ಬ್ಲೌಸಿನ ಅಳತೆ ಕೊಡಲಿಲ್ಲ. ಅಂದಿನಿಂದ ಫೋನ್ ತೆಗೆಯುವುದಿಲ್ಲ, "ಬ್ಯುಸಿ" ಎಂದೊಂದು ಮೆಸೇಜ್ ಹಾಕುತ್ತಾಳೆ. ಅವಳು ಏನು ಮಾಡುತ್ತಾಳೋ ತಾಯಿಗೂ ಗೊತ್ತಿಲ್ಲ. ದಾನಿಯ ನಿರ್ಧಾರ ದಾನಿಯದ್ದೇ. ಈ ಸಲ ನಿಯಮದ ಹಿಂದೆ ಅಡಗಿಕೊಂಡು ಹೇಳುತ್ತಿಲ್ಲ, ನಿಜವಾಗಿಯೂ ಗೊತ್ತಿಲ್ಲ.

ಎಡಿಸನ್ನಿನವಳು ಮಗನನ್ನು ಎಲ್ಲರೆದುರೇ ಎಬ್ಬಿಸಿಕೊಂಡು ಹೋದಳು. ಈ ತಾಯಿಗೆ ಅಷ್ಟೂ ಧೈರ್ಯ ಇರಲಿಲ್ಲ. ಅವಳ ಬಗ್ಗೆ ನಿಮಗೆ ಬರೆಯಲು ನನಗೇ ನಾಚಿಕೆಯಾಗುತ್ತಿದೆ ಅಕ್ಕಾ.

ರೇಣು


ಮನ್ರೋ
ಏಪ್ರಿಲ್ 27, 2025

ರೇಣು,

ಅವಳು ಒಪ್ಪಿದಳು!

ನಿನ್ನ ಪತ್ರ ಬಂದ ಮೇಲೆ ವಾರದೊಳಗೇ ಡಾಕ್ಟರು ಕರೆದು ಹೇಳಿದರು. ಆ ಹೆಣ್ಣುಮಗಳು ತಾನಾಗಿಯೇ ಫೋನ್ ಮಾಡಿ, ಜೂನ್ ಬೇಡ, ಈಗಲೇ ಕೊಡುತ್ತೇನೆ ಎಂದಳಂತೆ. ಅಕ್ಷತಾಳದನ್ನು ಬಿಟ್ಟು ಇವಳದನ್ನೇ ಹಾಕಿದರು. ಹತ್ತು ದಿನ ಆಯಿತು. ನಿನಗೆ ಆಗಲೇ ಬರೆಯಬೇಕಿತ್ತು. ಬಾಯಿಬಿಟ್ಟು ಹೇಳಿದರೆ ಎಲ್ಲಿ ದೃಷ್ಟಿಯಾಗುತ್ತದೋ ಎಂದು ಸುಮ್ಮನಿದ್ದೆ. ನಗಬೇಡ, ಇಷ್ಟಾದ ಮೇಲೂ ನನಗೆ ದೃಷ್ಟಿಯ ಭಯ ಹೋಗಿಲ್ಲ.

ನನ್ನನ್ನು ಒಳಗೆ ಬಿಡಲಿಲ್ಲ, ಅಕ್ಷತಾ ಐಪ್ಯಾಡಿನಲ್ಲಿ ತೋರಿಸಿದಳು. ದೊಡ್ಡ ಆಪರೇಷನ್ ಎಂದುಕೊಂಡಿದ್ದೆ. ಒಂದು ಸಣ್ಣ ಚೀಲ, ಹಾಲಿನ ಪ್ಯಾಕೆಟ್ಟಿಗಿಂತ ಚಿಕ್ಕದು, ದಟ್ಟ ಕೆಂಪು. ಕೊಳವೆಯಲ್ಲಿ ನಿಧಾನಕ್ಕೆ ಇಳಿಯಿತು. ಕೂಸು ನಿದ್ದೆ ಮಾಡುತ್ತಿತ್ತು. ಇಷ್ಟಕ್ಕೇನಾ ಇಷ್ಟೆಲ್ಲ ಎಂದು ಮಂಜೇಶನ ಮುಂದೆ ಅಂದೆ. ಅವನು ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ತ. ಆ ಕಾಯಿಲೆ ಗೊತ್ತಾದ ಮೇಲೆ ಅಳಿಯ ನನ್ನ ಹತ್ತಿರ ಮನಸ್ಸು ಬಿಚ್ಚಿದ್ದು ಅದೇ ಮೊದಲು.

ಇದರ ಜೊತೆ ಕುಪ್ಪಸಕ್ಕೆಂದು ಒಂದು ಗುಳೇದಗುಡ್ಡದ ಖಣ ಇಟ್ಟಿದ್ದೇನೆ. ಹೊಸದು, ಊರಿಂದ ತಂದು ಪೆಟ್ಟಿಗೆಯಲ್ಲಿಟ್ಟದ್ದು. ಅದು ಆ ಹುಡುಗಿಯ ತಾಯಿಗೆ. ಆಸ್ಪತ್ರೆಯವರ ಕೈಗೆ ಕೊಡಲು ಹೋದರೆ, ಇದನ್ನು ನೋಡಿದರೆ ಯಾವ ಸೀಮೆಯವರೆಂದು ಗೊತ್ತಾಗುತ್ತದೆ, ಕೊಡುವಂತಿಲ್ಲ ಎಂದರು. ವರ್ಷ ತುಂಬಿದ ಮೇಲೆ ಎರಡೂ ಕಡೆಯವರು ಒಪ್ಪಿದರೆ ಹೆಸರು ಹೇಳುತ್ತಾರಂತೆ. ಅಲ್ಲಿಯವರೆಗೆ ನಿನ್ನ ಹತ್ತಿರ ಇರಲಿ. ನಿನಗಿಂತ ಜೋಪಾನವಾಗಿ ಇಡುವವರು ಯಾರಿದ್ದಾರೆ?

ಹುಡುಗಿಗೆ ಕೊಡುವುದು ಬೇರೆ ಇದೆ. ಅದನ್ನು ನನ್ನ ಕೈಯಾರೆ ಕೊಡುತ್ತೇನೆ. ತಾಯಿಗೆ ಇಷ್ಟೇ ಹೇಳು: ಬಸಲಿಂಗಮ್ಮನಿಗೆ ಮೊದಲು ಬಹಳ ಸಿಟ್ಟು ಬಂದಿತ್ತು, ನಿಜ. ಗ್ಯಾರೇಜಿನಲ್ಲಿ ನಿಂತು ಅವಳಿಗೆ ಶಾಪ ಹಾಕುವುದೊಂದು ಬಾಕಿ ಇತ್ತು. ಆಮೇಲೆ, ನಾನು ಮುಚ್ಚಿಟ್ಟದ್ದೂ ಅವಳು ಮುಚ್ಚಿಟ್ಟದ್ದೂ ನಾಲ್ಕು ಜನರ ಬಾಯಿಗೆ ಹೆದರಿಯೇ ಎಂದು ಗೊತ್ತಾಯಿತು.

ಮದುವೆಗೆ ಬರಲು ಆಗುವುದಿಲ್ಲ. ಕೂಸು ಮನೆಗೆ ಬಂದರೂ ಇನ್ನೂ ಬಾಗಿಲು ಹಾಕಿಕೊಂಡೇ ಇರಬೇಕು. ಲಾಸ್ಯಾಗೆ ನನ್ನ ಆಶೀರ್ವಾದ ಹೇಳು. ಬೆನ್ನಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕು.

ಬಸಲಿಂಗಮ್ಮ


ವೆಸ್ಟ್ ವಿಂಡ್ಸರ್
ಜೂನ್ 4, 2025

ಅಕ್ಕಾ,

ಮದುವೆ ಚೆನ್ನಾಗಿ ಆಯಿತು. ಲಾಸ್ಯಾ ಹಸಿರು ಸೀರೆ ಉಟ್ಟಿದ್ದಳು.

ಬೆನ್ನಿಗೆ ಎಣ್ಣೆ ಹಚ್ಚು ಎಂದು ಬರೆದಿದ್ದಿರಿ. ನಾನು ಹಚ್ಚಲಿಲ್ಲ. ಅವಳು ನನಗೆ ಏನೂ ಹೇಳಿರಲಿಲ್ಲ, ನಿಮ್ಮ ಪತ್ರದಿಂದಲೇ ನನಗೆ ತಿಳಿದದ್ದು. ತಿಳಿದ ಮೇಲೂ ಬಾಯಿಬಿಟ್ಟು ಕೇಳಲಿಲ್ಲ. ಯಾವ ಮುಖ ಹೊತ್ತು ಕೇಳಲಿ? ಮದುವೆಗೆ ವಾರವಿದೆ ಎನ್ನುವಾಗ ಮನೆಗೆ ಬಂದಳು. ಊಟ, ಒಡವೆ, ಗೆಸ್ಟ್ ಲಿಸ್ಟ್, ಎಲ್ಲ ಮಾತಾಡಿದೆವು. ಅದೊಂದನ್ನು ಬಿಟ್ಟು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ನಮ್ಮ ಹಿತ್ತಿಲ ಡೆಕ್ ಮೇಲೆ ಅರಿಶಿನದ ಶಾಸ್ತ್ರ. ಹಳೆಯ ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದ್ದೆವು. ನಮ್ಮ ಕಡೆಯ ನಾಲ್ಕು ಹೆಂಗಸರು, ಹುಬ್ಬಳ್ಳಿಯ ಬೀಗತಿ, ಅವರ ತಂಗಿ. ಬೀಗತಿ ಬೆನ್ನಿಗೆ ಅರಿಶಿನ ಹಚ್ಚುತ್ತಿದ್ದವರು ಸೊಂಟದ ಹತ್ತಿರ ಕೈ ನಿಲ್ಲಿಸಿದರು.

"ಇದೇನವಾ ಲಾಸ್ಯಾ, ಎರಡೂ ಕಡೆ ಚುಚ್ಚಿದ್ಹಂಗ ಐತಿ?"

ಎಲ್ಲರೂ ಬಗ್ಗಿ ನೋಡಿದರು. ಲಾಸ್ಯಾ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಸಿಟ್ಟು ಇರಲಿಲ್ಲ ಅಕ್ಕಾ, ಕಾಯುತ್ತಿದ್ದಳು. ಈ ವಿಷಯದ ಮೇಲೆ ಕೈಯಲ್ಲಿ ಚೀಟಿಯಿಲ್ಲದೆ ತಾಸುಗಟ್ಟಲೆ ಮಾತಾಡುವವಳು ನಾನು. ಆಗ ನನ್ನ ಬಾಯಿಂದ ಬಂದದ್ದೇನು ಗೊತ್ತೇ? "ಸೊಳ್ಳೆ ಕಚ್ಚಿರಬೇಕು ಬಿಡಿ" ಎಂದೆ.

ಹೌದು, ಹಾಗೆಂದೆ. ಇಷ್ಟೆಲ್ಲ ಆದ ಮೇಲೂ.

ಲಾಸ್ಯಾ ಮುಂದೆ ತಿರುಗಿಕೊಂಡಳು. ನೀವು ಕಲಿಸಿದ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ ಹೇಳಿದಳು: "ಸೊಳ್ಳೆ ಅಲ್ಲ ಅತ್ತೆ. ಒಂದು ಕೂಸಿಗೆ ನನ್ನ ಎಲುಬಿನ ಮಜ್ಜೆ ಕೊಟ್ಟೆ. ಸೂಜಿಯ ಗುರುತು ಅದು."

ನಾನು ಫೆಬ್ರುವರಿಯಿಂದ ಹೆದರಿದ್ದ ಗಳಿಗೆ ಅದು. ಬೀಗತಿಯ ಕೈ ಅಲ್ಲೇ ಇತ್ತು, ಹಿಂದೆ ಸರಿಯಲಿಲ್ಲ. ಆ ಎರಡು ಗುರುತಿನ ಮೇಲೆ ಇನ್ನಷ್ಟು ಮೆತ್ತಗೆ ಅರಿಶಿನ ಸವರಿ, ಕಿವಿಯ ಹತ್ತಿರ ಬಗ್ಗಿ ಕೇಳಿದರು:

"ಭಾಳ ನೋವಾತೇನವಾ?"

ಅಷ್ಟು ದಿನ ಕಲ್ಲಿನ ಹಾಗಿದ್ದ ನನ್ನ ಮಗಳು ಅವರ ಮಡಿಲಲ್ಲಿ ಮುಖವಿಟ್ಟು ಅಳತೊಡಗಿದಳು. ಅನಿರುದ್ಧ್ ಆಸ್ಪತ್ರೆಯಿಂದ ಕರೆದುಕೊಂಡು ಬಂದದ್ದು, ಮೆಟ್ಟಿಲು ಹತ್ತಲು ಆಗದೆ ನಡುವೆ ಕೂತದ್ದು, ಅಂಗಾತ ಮಲಗಲಾಗದೆ ಸೋಫಾದ ಮೇಲೆ ಬೋರಲು ಮಲಗಿದ್ದು, ಅಮ್ಮನಿಗೆ ಫೋನ್ ಮಾಡಬೇಕೆಂದು ಎತ್ತಿ ಇಟ್ಟದ್ದು, ಎಲ್ಲ ಅವರಿಗೆ ಹೇಳಿದಳು. ನಾನು ಅರಿಶಿನದ ಬಟ್ಟಲು ಹಿಡಿದುಕೊಂಡು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಆ ಪ್ರಶ್ನೆ ನಾನು ಕೇಳಬೇಕಾದದ್ದು. ನಿಮ್ಮ ಪತ್ರ ಬಂದ ಮೇಲೆ ಹೆಚ್ಚುಕಡಿಮೆ ಒಂದು ತಿಂಗಳಿತ್ತು ನನಗೆ, ಕೇಳಲಿಲ್ಲ.

ಅಕ್ಷತಾ ನಿನ್ನೆ ರಿಪೋರ್ಟ್ ಕಳಿಸಿದ್ದಾಳೆ. ನಿಮ್ಮ ಮೊಮ್ಮಗನ ರಕ್ತದಲ್ಲಿ ಹೊಸ ಕೋಶಗಳು ಕಾಣತೊಡಗಿವೆ. ಗಂಡುಕೂಸಿನ ಮೈಯಲ್ಲಿ ಹೆಣ್ಣಿನ ಕೋಶಗಳು, ಅದರಿಂದಲೇ ಅವು ದಾನಿಯವು ಎಂದು ನಾವು ಗುರುತಿಸುವುದು. ಇಂಥ ನೂರಾರು ರಿಪೋರ್ಟ್ ನೋಡಿದ್ದೇನೆ. ಇದನ್ನು ಪೂರ್ತಿ ಓದಲು ನನ್ನಿಂದ ಆಗಲಿಲ್ಲ. ಚೆನ್ನಾಗಿದೆ, ಧೈರ್ಯವಾಗಿರಿ. ತೊಟ್ಟಿಲಿನ ಹೆಸರು ಕೂಗುವ ದಿನ ಬರುತ್ತದೆ. ಆ ದಿನ ಲಾಸ್ಯಾಳನ್ನು ಕರೆಯಿರಿ. ನನ್ನನ್ನು ಕರೆಯುವುದು ಬಿಡುವುದು ನಿಮಗೆ ಬಿಟ್ಟದ್ದು.

ಇನ್ನು ಖಣದ ವಿಷಯ. ವರ್ಷ ತುಂಬುವ ತನಕ ಜೋಪಾನವಾಗಿಡು ಎಂದಿದ್ದಿರಿ. ಕ್ಷಮಿಸಿ, ಇಡಲಿಲ್ಲ. ಅರಿಶಿನದ ದಿನ ಸಂಜೆ ಬೀಗತಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿಯ ಜೊತೆ ಅದನ್ನೇ ಇಟ್ಟು ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿದೆ. ಆ ಹುಡುಗಿಯ ತಾಯಿಗೆ ಕೊಡು ಎಂದಿದ್ದಿರಲ್ಲ, ಸರಿಯಾದವರಿಗೇ ಮುಟ್ಟಿದೆ.

ರೇಣು